ಬೀದರಿನಲ್ಲಿ ಒಂದು ಶುಭ ಶುಕ್ರವಾರ

ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಗುರುವಾರ ಬೀದರ್ ತಲುಪಿದೆ. ಮುಂಗಡ ಹಣ ಕೊಟ್ಟು ಕಾದಿರಿಸಿದ್ದ ಲಾಡ್ಜಿನವರು ನನ್ನ ಕೋಣೆಯನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಬಿಸಿಲಲ್ಲಿ ಎರಡು ಗಂಟೆ ಬೇರೆ ಕೋಣೆ ಹುಡುಕಿದೆ. ಸಾಲು ರಜೆಯಲ್ಲಿ ಹೋಗುವವರು ರೈಲು ಹತ್ತುವ ಮೊದಲು ಇನ್ನೊಮ್ಮೆ ಫೋನ್ ಮಾಡಿ ಕೇಳಿಕೊಳ್ಳಿ. ದುಡ್ಡು ಕೊಟ್ಟಾಗಿದೆ ಎಂದು ಸುಮ್ನೆ ಇರಬೇಡಿ.

ಸಂಜೆ ಮಹಮೂದ್ ಗವಾನನ ಮದರಸಾ ನೋಡಿದೆ. 1472ರಲ್ಲಿ ಕಟ್ಟಿದ್ದು. ಮುರಿದ ಗೋಡೆಯ ಮೇಲೆ ಇನ್ನೂ ನೀಲಿ, ಹಸಿರು ಹೆಂಚುಗಳು ಉಳಿದಿವೆ. ಗವಾನ್ ಬಹಮನಿಯರ ದೊಡ್ಡ ಮಂತ್ರಿ. ಅವನಿಗೆ ಆಗದವರು ಅವನ ಮುದ್ರೆ ಇದ್ದ ಕಾಗದದಲ್ಲಿ ಸುಳ್ಳು ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. ಕುಡಿದಿದ್ದ ಸುಲ್ತಾನ 1481ರಲ್ಲಿ ಅವನ ತಲೆ ತೆಗೆಸಿದ. ಸತ್ಯ ತಿಳಿದು ಕೊರಗಿದರೂ ಏನು ಪ್ರಯೋಜನ? ಒಂದು ಕಾಗದ ತಪ್ಪಿಲ್ಲದವನ ಜೀವ ತೆಗೆದಿತ್ತು. ಮರುದಿನ ಇನ್ನೊಂದು ಕಾಗದದ ಕಥೆ ಕೇಳುತ್ತೇನೆಂದು ಆಗ ಗೊತ್ತಿರಲಿಲ್ಲ.

ಯೇಸು ಶಿಲುಬೆಯ ಮೇಲೆ ಸತ್ತದ್ದನ್ನು ನೆನೆಯುವ ದಿನ ಶುಭ ಶುಕ್ರವಾರ. ಅವತ್ತು ಮಂಗಲಪೇಟೆಯ ಮೆಥಡಿಸ್ಟ್ ಚರ್ಚಿಗೆ ಹೋದೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆರಾಧನೆ. ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳಿಗೆ ಏಳು ಉಪದೇಶ. ಹಳ್ಳಿಗಳಿಂದ ಬಂದವರೇ ಜಾಸ್ತಿ. ಬಿಳಿ ಸೀರೆಯ ಹೆಂಗಸರು ಪುಸ್ತಕ ನೋಡದೆ ಹಾಡುತ್ತಿದ್ದರು. ಮೈಕಿನ ಅಬ್ಬರ ಮಾತ್ರ ನನಗೆ ಹಿಡಿಸಲಿಲ್ಲ. ಆ ಗಂಟಲುಗಳಿಗೆ ಮೈಕ್ ಬೇಕಿರಲಿಲ್ಲ.

ಆರನೆಯ ಮಾತು ‘ತೀರಿತು’. ಬೈಬಲಿನ ಯೋಹಾನನ ಸುವಾರ್ತೆಯಲ್ಲಿದೆ. ಚಿಕ್ಕಂದಿನಿಂದ ಪ್ರತಿ ವರ್ಷ ಕೇಳಿದ ಮಾತು. ಕೆಲಸ ಮುಗಿಯಿತು ಅಂತಲೋ, ಪ್ರಾಣ ಹೋಯಿತು ಅಂತಲೋ ತಿಳಿದುಕೊಂಡಿದ್ದೆ. ಸಭಾಪಾಲಕರು ಅದನ್ನು ಓದಿದ ಕೂಡಲೇ ಪಕ್ಕದ ಸಾಲಿನ ಒಬ್ಬ ಅಜ್ಜಿ ಜೋರಾಗಿ ಅತ್ತುಬಿಟ್ಟರು. ಅದು ದುಃಖದ ಅಳು ಅನ್ನಿಸಲಿಲ್ಲ.

ಆರಾಧನೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ಅವರು ಸಿಕ್ಕರು. ಕಾಲ ಬಳಿ ಒಂದು ಚೀಲ. ಯಾಕೆ ಅತ್ತಿರಿ ಎಂದು ಕೇಳಿಯೇಬಿಟ್ಟೆ.

“ನನ್ನ ಗಂಡ ಸತ್ತಾಗ ಸಾವ್ಕಾರನ ಸಾಲ ಇತ್ತು ತಮ್ಮಾ. ಹೊಲದ ಕಾಗದ ಅವನ ಕೈಯಾಗ. ಅವನ ಮನಿ ಮುಂದ ಹೋಗಬೇಕಾದ್ರ ತಲಿ ತಗ್ಗಿಸಿ ಹೋಗ್ತಿದ್ದೆ. ನಮ್ಮಣ್ಣ ತನ್ನ ಜೋಡೆತ್ತು ಮಾರಿದ. ಕಾಗದ ತಂದು ನನ್ನ ಉಡ್ಯಾಗ ಹಾಕಿ, ‘ತೀರಿತವ್ವಾ’ ಅಂದ. ಅಷ್ಟೇ ಅಂದ.”

ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಆ ವರ್ಷ ಅವ ಮಂದಿ ಎತ್ತಿನ್ಯಾಗ ಬಿತ್ತಿದ. ಚರ್ಚಿನ್ಯಾಗ ಆ ಮಾತು ಓದಿದ್ರ ನನಗ ನಮ್ಮಣ್ಣನ ದನಿ ಕೇಳಸ್ತದ.”

ಯೇಸುವಿನ ಅಪೊಸ್ತಲ ಪೌಲನು ಕೊಲೊಸ್ಸೆ ಊರಿನ ಕ್ರೈಸ್ತರಿಗೆ ಬರೆದ, ಬೈಬಲಿನಲ್ಲಿರುವ ಪತ್ರದಲ್ಲೂ ಇದೇ ಇದೆಯಲ್ಲ! ನಮ್ಮ ಮೇಲಿದ್ದ ಸಾಲದ ಪತ್ರವನ್ನು ದೇವರು ಅಳಿಸಿ ಶಿಲುಬೆಗೆ ಜಡಿದುಬಿಟ್ಟ ಎನ್ನುತ್ತಾನೆ. ಎಷ್ಟೋ ಸಲ ಓದಿದ್ದೆ. ಆ ಪತ್ರದ ಮೇಲೆ ನನ್ನ ಹೆಸರೂ ಇತ್ತು ಎಂದು ಅವತ್ತು ಅನ್ನಿಸಿತು. ಕಣ್ಣು ತುಂಬಿತು.

“ಹಾಗಾದರೆ ದೇವರು ಸಾವ್ಕಾರನ ಹಾಗಾ ಆಯಿ?” ಎಂದೆ.

“ಛೇ! ಸಾವ್ಕಾರ ರೊಕ್ಕ ಎಣಿಸಿಕೊಂಡ, ಒಳಗ ಹೋದ. ನನ್ನ ಕೂಡ ಅವನಿಗೇನು ಕೆಲಸ? ದೇವರು ಹಂಗಲ್ಲ. ತಪ್ಪು ನಮ್ಮದು, ಮಾತು ಬಿಟ್ಟವರು ನಾವು. ಮನಿ ತನಕ ಬಂದವ ಅವ. ತೀರಿಸಿದವನೂ ಅವನೇ. ಈಗ ನಾ ಅವನ ಮುಂದ ತಲಿ ಎತ್ತಿ ಕೂಡ್ತೀನಿ. ‘ಅಪ್ಪಾ’ ಅಂತೀನಿ.”

ಬೈಬಲಿನಲ್ಲಿ ‘ದೇವರೊಂದಿಗೆ ಸಮಾಧಾನ’ ಎಂಬ ಮಾತು ಬರುತ್ತದೆ. ಸಮಾಧಾನ ಎಂದರೆ ಮನಸ್ಸು ತಣ್ಣಗಾಗುವುದು ಎಂದುಕೊಂಡಿದ್ದೆ. ಪೌಲ ಹೇಳುವುದು ಮುರಿದ ಸಂಬಂಧ ಮತ್ತೆ ಕೂಡುವುದನ್ನು. ದೇವರೇ ಕ್ರಿಸ್ತನಲ್ಲಿ ಲೋಕವನ್ನು ತನ್ನ ಜೊತೆ ಸಮಾಧಾನಪಡಿಸಿಕೊಂಡ ಎಂದು ಕೊರಿಂಥದವರಿಗೆ ಬರೆಯುತ್ತಾನೆ. ರಾಜಿ ಪಂಚಾಯಿತಿಯಲ್ಲಿ ಇಬ್ಬರೂ ಸ್ವಲ್ಪ ಸ್ವಲ್ಪ ಬಿಡಬೇಕು. ಇಲ್ಲಿ ಬಿಟ್ಟುಕೊಟ್ಟವನು ಒಬ್ಬನೇ, ಅದೂ ಸ್ವಂತ ಮಗನನ್ನು.

ಚೀಲದಲ್ಲಿ ಏನಿದೆ ಎಂದು ಕೇಳಿದೆ.

“ತೊಗರಿ ಬ್ಯಾಳಿ. ವರ್ಷಾ ವರ್ಷಾ ಅಣ್ಣನ ಮನಿಗಿ ಒಯ್ತೀನಿ. ಅವ ಇಲ್ಲ ಈಗ, ಮಗ ಇದ್ದಾನ.”

“ಎತ್ತಿನ ಋಣ ಇನ್ನೂ ತೀರಿಸ್ತಾ ಇದ್ದೀರಾ?”

ಅವರ ದನಿ ಸ್ವಲ್ಪ ಗಟ್ಟಿಯಾಯಿತು. “ತೀರಿದ್ದು ತೀರಿತಲ್ಲ ತಮ್ಮಾ. ಬ್ಯಾಳಿ ಕೊಟ್ಟು ಎತ್ತು ತೀರ್ತಾವೇನು? ಸುಮ್ಮ ಇರಲಿಕ್ಕ ಆಗಂಗಿಲ್ಲ, ಅದಕ್ಕ ಒಯ್ತೀನಿ.”

ಶನಿವಾರ ಕೋಟೆ ನೋಡಿದೆ, ಬಿದರಿ ಅಂಗಡಿಯಲ್ಲಿ ಒಂದು ಸಣ್ಣ ಡಬ್ಬಿ ಕೊಂಡೆ. ಕಪ್ಪು ಲೋಹದ ಮೇಲೆ ಬೆಳ್ಳಿ ಹೂವು, ಬಹಳ ಚೆಂದ. ಆದರೆ ಊರಿಗೆ ಬಂದ ಮೇಲೂ ಕೈಗೆ ನೆನಪಿರುವುದು ಆ ಚೀಲದ ಭಾರ. ಬಸ್ ನಿಲ್ದಾಣದವರೆಗೆ ಅದನ್ನು ನಾನೇ ಹೊತ್ತಿದ್ದೆ. ಐದಾರು ಸೇರಾದರೂ ಇತ್ತು. ಆಯಿ ಮುಂದೆ ನಡೆಯುತ್ತಾ, ಮಧ್ಯಾಹ್ನದ ಹಾಡನ್ನೇ ಮೆಲ್ಲಗೆ ಹಾಡುತ್ತಿದ್ದರು.