ಕನ್ನಂಬಾಡಿ ಕಟ್ಟೆಗೆ ಮುಂಚೆ ಮಂಡ್ಯದಲ್ಲಿ ಏನಿತ್ತು?

ನಾನು ಮಂಡ್ಯ ಜಿಲ್ಲೆಯವನೆಂದು ತಿಳಿದವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಕನ್ನಂಬಾಡಿ ಕಟ್ಟೆ ಕಟ್ಟುವ ಮೊದಲು ನಿಮ್ಮ ಕಡೆ ಏನಿತ್ತು, ಬರೀ ಬೆಂಗಾಡಲ್ಲವೇ? ಈ ಮಾತು ಪೂರ್ತಿ ಸುಳ್ಳಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಬಹುಪಾಲು ನೆಲ ಮಳೆಯನ್ನೇ ನಂಬಿ ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲವಾಗಿತ್ತು. 1911ರಲ್ಲಿ ಕಾವೇರಿಗೆ ಅಡ್ಡಲಾಗಿ ಆರಂಭವಾದ ಈ ಅಣೆಕಟ್ಟೆಯ, ಅಂದರೆ ಕೃಷ್ಣರಾಜಸಾಗರದ, ಕೆಲಸ 1930ರ ದಶಕದ ಮೊದಲಲ್ಲಿ ಮುಗಿದು, ಹುಲಿಕೆರೆಯ ಸುರಂಗ ದಾಟಿ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹರಿದ ಮೇಲೆಯೇ ಆ ಹೊಲಗಳು ಗದ್ದೆಗಳಾದವು. 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ಆದರೆ ಈ ಸೀಮೆಯ ಬೇಸಾಯದ ಚರಿತ್ರೆ ಅಲ್ಲಿಂದ ಶುರುವಾಗುವುದಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಶಾಸನದ ಕಲ್ಲನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ತಕ್ಕೋಲದಲ್ಲಿ ಚೋಳರೊಡನೆ ನಡೆದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರ ಎಂಬ ವೀರ, ಏನು ಬೇಕೋ ಕೇಳಿಕೋ ಎಂದ ಅರಸನಿಂದ ಊರನ್ನೂ ಕೇಳದೆ, ಹೊನ್ನನ್ನೂ ಕೇಳದೆ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಕಲ್ಲಿನಲ್ಲಿ ಆ ಕಾಳಗವನ್ನೇ ಕೆತ್ತಿದ್ದಾರೆ. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಪಾಪದ ಎಚ್ಚರಿಕೆಯನ್ನೂ ಬರೆಸಿದ್ದಾರೆ. ನಾಯಿಯ ಕಥೆಗೆ ಮನಸೋಲುವವರು ಸಾಮಾನ್ಯವಾಗಿ ದಾಟಿಹೋಗುವ ಸಾಲೊಂದಿದೆ: ಈ ಕಲ್ಲಿಗಾಗಿ ಕೊಟ್ಟ ಎರಡು ಖಂಡುಗ (ಹಳೆಯ ಅಳತೆ) ಮಣ್ಣು ‘ಪಿರಿಯ ಕೆರೆಯ ಕೆಳಗೆ’, ಅಂದರೆ ದೊಡ್ಡ ಕೆರೆಯ ಕೆಳಗೆ, ಇತ್ತು. ಕನ್ನಂಬಾಡಿಗಿಂತ ಸುಮಾರು ಸಾವಿರ ವರ್ಷ ಮೊದಲೇ, ಬೆಂಗಾಡೆನ್ನಿಸಿಕೊಂಡ ಮದ್ದೂರು ಸೀಮೆಯಲ್ಲಿ, ಕೆರೆಯ ಕೆಳಗಿನ ಭೂಮಿಯನ್ನು ದಾನಕ್ಕೆ ಅಳೆದು ಕೊಡುತ್ತಿದ್ದರು. ನನ್ನ ಉತ್ತರಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ.

ನದಿಯ ದಂಡೆಯಲ್ಲಿಯಂತೂ ಹಳೆಯ ನಾಲೆಗಳ ಸಾಲೇ ಇದೆ. ಹೊಳೆಗೆ ಅಡ್ಡಲಾಗಿ ಕಲ್ಲಿನ ಗಿಡ್ಡ ಕಟ್ಟೆ ಹಾಕಿ, ನೀರಿನ ಮಟ್ಟವನ್ನು ತುಸು ಏರಿಸಿ, ಅದನ್ನು ನೆಲದ ಇಳಿಜಾರನ್ನು ಅನುಸರಿಸಿ ಪಕ್ಕಕ್ಕೆ ಹರಿಸುವುದು ಇವುಗಳ ಕ್ರಮ. ನೀರನ್ನು ಕೂಡಿಡುವ ಜಲಾಶಯ ಈ ನಾಲೆಗಳಿಗಿರಲಿಲ್ಲ. ಬಂಗಾರದೊಡ್ಡಿ ನಾಲೆಯಂತೂ ಕಾವೇರಿಯ ಒಂದು ಕವಲಿನ ನೀರನ್ನು ಮೇಲ್ಗಾಲುವೆಯ ಮೂಲಕ ಇನ್ನೊಂದು ಕವಲನ್ನು ದಾಟಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ತಲುಪಿಸುತ್ತದೆ. ಹದಿನೇಳನೆಯ ಶತಮಾನದ ಮೈಸೂರರಸ ಚಿಕ್ಕದೇವರಾಜ ಒಡೆಯರ ಹೆಸರಿನ ಸಿಡಿಎಸ್ (ಚಿಕ್ಕದೇವರಾಜ ಸಾಗರ) ನಾಲೆಯಲ್ಲಿ ಇಂದಿಗೂ ನೀರು ಹರಿಯುತ್ತದೆ. ಪಾಂಡವಪುರದ ಬಳಿಯ ತೊಣ್ಣೂರು ಕೆರೆಯನ್ನು ಜನ ರಾಮಾನುಜಾಚಾರ್ಯರ ಕಾಲಕ್ಕೆ ಒಯ್ಯುತ್ತಾರೆ.

ಹಾಗಾದರೆ ಕನ್ನಂಬಾಡಿ ಮಾಡಿದ್ದೇನು? ನೀರಾವರಿಯನ್ನು ಹುಟ್ಟಿಸಲಿಲ್ಲ, ಅದರ ಹರವನ್ನು ಹಿಗ್ಗಿಸಿತು. ಕಬ್ಬನ್ನು ಜಿಲ್ಲೆಯ ಮುಖ್ಯ ಬೆಳೆಯಾಗಿಸಿತು. ಅದಕ್ಕೆ ತೆತ್ತ ಬೆಲೆಯೂ ಇದೆ: ಹಳೆಯ ಕನ್ನಂಬಾಡಿ ಊರೇ ಮುಳುಗಿತು, ಅಲ್ಲಿಯ ವೇಣುಗೋಪಾಲಸ್ವಾಮಿ ಗುಡಿಯನ್ನು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದು ತೀರಾ ಈಚೆಗೆ. ನೀರು ಜಿಲ್ಲೆಯ ಎಲ್ಲೆಡೆಗೂ ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ಸೌಮ್ಯಕೇಶವನ ನಾಗಮಂಗಲದ ಕಡೆ ಹೋದರೆ ಇಂದಿಗೂ ಮಳೆ ನಂಬಿದ ರಾಗಿ ಹೊಲಗಳೇ ಹೆಚ್ಚಾಗಿ ಕಾಣಿಸುತ್ತವೆ.