ಪಡಸಾಲೆಗೆ ಬಂದ ಕತ್ತಿ

ಕಳೆದ ಭಾನುವಾರ ಪುಣೆಯ ನಮ್ಮ ಕೊಥ್ರೂಡಿನ ಮನೆಯಲ್ಲಿ ಹಿರಿಯರೊಬ್ಬರು ಆಡಿದ ಮಾತು ಈ ವಾರವಿಡೀ ನನ್ನ ಕಿವಿಯಿಂದ ಹೋಗಿಲ್ಲ. ಅವರ ತಂದೆ ಬಳಸುತ್ತಿದ್ದ ಕ್ಷೌರದ ಕತ್ತಿಯನ್ನು ಎರಡು ತಿಂಗಳು ಕೂತು ಸರಿಪಡಿಸಿ, ಹೊರಗಿನ ಕೋಣೆಯ ಮೇಜಿನ ಮೇಲೆ ಮಖಮಲ್ ಬಟ್ಟೆ ಹಾಸಿ ಅವರ ಮುಂದೆ ಇಟ್ಟಿದ್ದೆ. ಅವರು ಅದನ್ನು ಮುಟ್ಟದೆ ಬಹಳ ಹೊತ್ತು ನೋಡಿ, ಮೆಲ್ಲಗೆ ಹೇಳಿದರು: "ಕತ್ತಿಗೆ ಪಡಸಾಲಿ ಸಿಕ್ತು ನೋಡ್ರಿ ಸರ. ನಮ್ಮಪ್ಪಗ ಹಿತ್ತಲ ದಾಟಿ ಮುಂದ ಬರಾಕ ಆಗಲೇ ಇಲ್ಲ."

ಕತ್ತಿಯನ್ನು ನನಗೆ ತಂದುಕೊಟ್ಟವಳು ಅವರ ಮಗಳು. ತನ್ನ ಸಲೂನಿನ ಗೋಡೆಗೆ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕುವ ಯೋಚನೆ ಅವಳದು. ಅಜ್ಜನ ಕಾಲದ ವಸ್ತುವನ್ನು ಅಲಂಕಾರ ಮಾಡಿಬಿಡುತ್ತಾರಲ್ಲ ಎಂದು ಆಗ ಅವಳ ಬಗ್ಗೆ ತುಸು ಬೇಸರಪಟ್ಟಿದ್ದೆ. ಅದು ನನ್ನ ತಪ್ಪು ಎಣಿಕೆ. ಅಜ್ಜನ ಕಸುಬನ್ನು ಬಚ್ಚಿಡದೆ ಗಿರಾಕಿಗಳ ಕಣ್ಣೆದುರು ಇಡುವ ಧೈರ್ಯ ಅವಳಲ್ಲಿತ್ತು. ವಿಜಯಪುರದ ಕಡೆಯಿಂದ ಬಂದು ಖಡಕಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ಆಕೆಯ ತಂದೆ ಮಾತ್ರ ಆ ಕತ್ತಿಯನ್ನು ಹಲವು ವರ್ಷ ಟ್ರಂಕಿನ ತಳದಿಂದ ಹೊರಗೆ ತೆಗೆದಿರಲಿಲ್ಲವಂತೆ.

ಅದು ಇಂಗ್ಲೆಂಡಿನ ಶೆಫೀಲ್ಡಿನ ಕತ್ತಿ. ತುಕ್ಕಿನಡಿಯಲ್ಲಿ ಜೋಸೆಫ್ ರಾಜರ್ಸ್ ಕಂಪನಿಯ ನಕ್ಷತ್ರ ಮತ್ತು ಶಿಲುಬೆಯ ಗುರುತು ಮಸುಕಾಗಿ ಕಾಣುತ್ತಿತ್ತು. ಪುಣೆಯ ಹಳೆ ಸಾಮಾನಿನ ಸಂತೆಯಾದ ಜೂನಾ ಬಾಜಾರಿನಲ್ಲಿ ಇಂಥ ಕತ್ತಿಗಳನ್ನು ಯಂತ್ರಕ್ಕೆ ಹಿಡಿದು ಕನ್ನಡಿಯಂತೆ ಹೊಳೆಯಿಸಿ ಮಾರುವವರಿದ್ದಾರೆ. ಆ ಹೊಳಪಿನಲ್ಲಿ ಗುರುತು ಅಳಿಸುತ್ತದೆ, ಬಿಸಿ ಏರಿ ತೆಳುವಾದ ಅಲಗು ನೀಲಿಗಟ್ಟಿದರೆ ಉಕ್ಕಿನ ಹದವೇ ಹೋಗುತ್ತದೆ. ಆದ್ದರಿಂದ ನಾನು ಎಮರಿ ಪೇಪರನ್ನು ಎಣ್ಣೆಯಲ್ಲಿ ಅದ್ದಿ ಕೈಯಿಂದಲೇ ಉಜ್ಜಿದೆ. ಅಲಗು ಅರ್ಧದಷ್ಟೇ ಉಳಿದಿತ್ತು. ಉಳಿದರ್ಧವನ್ನು ವರ್ಷಗಟ್ಟಲೆಯ ಮಸೆತ ತಿಂದಿತ್ತು.

ಹಿಡಿಯ ಎರಡು ಪಟ್ಟಿಗಳು ಎಮ್ಮೆಯ ಕೋಡಿನವು. ಮೂಳೆಯ ಹಿಡಿಯಾದರೆ ರಕ್ತನಾಳಗಳಿದ್ದ ಕಡೆ ಸಣ್ಣ ಕಪ್ಪು ಚುಕ್ಕೆಗಳೂ ಗೆರೆಗಳೂ ಕಾಣುತ್ತವೆ. ಕೋಡಿನಲ್ಲಿ ಅವಿಲ್ಲ, ಅದು ನಮ್ಮ ಉಗುರು, ಕೂದಲುಗಳ ಹಾಗೆ ಕೆರಾಟಿನ್ ಎಂಬ ಪದಾರ್ಥದಿಂದಾದದ್ದು. ಒಣಗಿದಾಗ ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ, ಕೂದಲನ್ನೂ ಉಣ್ಣೆಯನ್ನೂ ತಿನ್ನುವ ಹುಳುಗಳೇ ಅದನ್ನೂ ಕೊರೆಯುತ್ತವೆ, ಉಜ್ಜುವಾಗ ಕೂದಲು ಸುಟ್ಟ ವಾಸನೆ ಬರುತ್ತದೆ. ಹಿತ್ತಾಳೆ ಮೊಳೆಯ ತಲೆಯನ್ನು ಅರದಿಂದ ಸವೆಸಿ, ತಳ್ಳಿ ತೆಗೆದು, ಪಟ್ಟಿಗಳನ್ನು ಬೇರ್ಪಡಿಸಿ ವಾರಗಟ್ಟಲೆ ಎಣ್ಣೆಯಲ್ಲಿ ಮುಳುಗಿಸಿಟ್ಟೆ. ಸೊಟ್ಟಗಾಗಿದ್ದ ಒಂದು ಪಟ್ಟಿಯನ್ನು ಬಿಸಿನೀರಿನಲ್ಲಿ ಮೆದುವಾಗಿಸಿ, ಎರಡು ಹಲಗೆಗಳ ನಡುವೆ ಬಿಗಿದು, ತಣ್ಣಗಾಗುವವರೆಗೆ ಬಿಟ್ಟೆ. ಬಿರುಕುಗಳಿಗೆ ತೆಳುವಾದ ಅಂಟು ಇಳಿಸಿದೆ. ಕತ್ತಿ ತೆರೆದು ಮುಚ್ಚುವಾಗ ಬೆರಳು ಒತ್ತುವ ಜಾಗದಲ್ಲಿ ಕೋಡು ಸವೆದು ಸಣ್ಣ ತಗ್ಗಾಗಿತ್ತು. ಅದನ್ನು ಮಾತ್ರ ಮುಟ್ಟಲಿಲ್ಲ. ಆ ತಗ್ಗನ್ನು ಉಳಿಸಿದ್ದಕ್ಕೆ ನನ್ನ ಬಗ್ಗೆ ನನಗೇ ಮೆಚ್ಚುಗೆಯಿತ್ತು. ಭಾನುವಾರ ಅವರು ಬಂದಾಗ ಮೊದಲು ಅದನ್ನೇ ತೋರಿಸಬೇಕೆಂದುಕೊಂಡಿದ್ದೆ.

ಆದರೆ ಆ ಮಾತು ಬಂತು. ನನಗೆ ಉತ್ತರ ಹೊಳೆಯಲಿಲ್ಲ. "ಕಾಕಾ, ಚಹಾ ತಗೋರಿ" ಎಂದೆ.

ಕತ್ತಿಗೆ ಪಡಸಾಲಿ ಸಿಕ್ತು. ಧಾರವಾಡದ ಹತ್ತಿರದ ನಮ್ಮ ಊರಿನ ಮನೆಯಲ್ಲಿ ಹದಿನೈದು ದಿನಕ್ಕೊಮ್ಮೆ ಕ್ಷೌರ ಮಾಡಲು ಹಡಪದದವರು ಬರುತ್ತಿದ್ದರು, ಹಿತ್ತಲ ಬಾಗಿಲಿನಿಂದ. ಅಜ್ಜ ಕಲ್ಲಿನ ಮೇಲೆ ಕೂತು ಅವರ ಕೈಗೆ ಗಂಟಲನ್ನೇ ಒಪ್ಪಿಸುತ್ತಿದ್ದರು, ಕೆಲಸ ಮುಗಿದೊಡನೆ ಯಾರನ್ನೂ ಮುಟ್ಟದೆ ಬಚ್ಚಲಿಗೆ ಹೋಗುತ್ತಿದ್ದರು. ದುಡ್ಡಿನ ಮಾತಿಲ್ಲ, ಸುಗ್ಗಿಯಲ್ಲಿ ಆಯದ ಕಾಳು. ನನ್ನ ಅಜ್ಜನ ಅಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಮಡಿಯಾದವರು. ಅವರ ತಲೆಗೂ ಆ ಕತ್ತಿಯೇ ಬರುತ್ತಿತ್ತೆಂದು ಅಮ್ಮ ಒಮ್ಮೆ ಹೇಳಿದ್ದಳು, ನಸುಕಿನಲ್ಲಿ, ಬೇರೆಯವರು ಏಳುವ ಮೊದಲು. ಬೆಂಜಮಿನ್ ಹಂಟ್ಸ್‌ಮನ್ ಶೆಫೀಲ್ಡಿನಲ್ಲಿ 1740ರ ದಶಕದಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸಿದ್ದನ್ನು ನಾನು ಯಾರಿಗಾದರೂ ಅರ್ಧ ಗಂಟೆ ವಿವರಿಸಬಲ್ಲೆ. ನಮ್ಮದೇ ಮನೆಗೆ ಈ ಉಕ್ಕು ಯಾವ ಬಾಗಿಲಿನಿಂದ ಬರುತ್ತಿತ್ತೆಂದು ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ.

ಪುಣೆಯಲ್ಲಿ ಕೂತು ಇದನ್ನು ಮರೆತದ್ದು ಇನ್ನೂ ದೊಡ್ಡ ತಪ್ಪು. ಜೋತಿರಾವ್ ಫುಲೆಯವರು 1873ರಲ್ಲಿ ಜಾತಿಯ ಮೇಲುಕೀಳಿನ ವಿರುದ್ಧ ಸತ್ಯಶೋಧಕ ಸಮಾಜವನ್ನು ಕಟ್ಟಿದ್ದು ಈ ಊರಿನಲ್ಲಿ. ಅದೇ ಸಮಾಜದ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ 1890ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ನಿರ್ಧರಿಸಿದರು. ಹಿತ್ತಲಲ್ಲಿ ನಿಂತವರು ಆಡಿದ ಆ ಮಾತನ್ನು ಪಡಸಾಲೆಯಲ್ಲಿ ಕೂತ ನಮ್ಮ ಮನೆಯ ಗಂಡಸರು ಅದಾದ ಎಷ್ಟೋ ವರ್ಷಗಳ ಮೇಲೂ ಆಡಲಿಲ್ಲ. ಮನೆಮಗಳಿಗಾಗಿಯೂ ಆಡಲಿಲ್ಲ.

ಚಹಾ ಮುಗಿದ ಮೇಲೆ ಕಾಕಾ ಕೊನೆಗೂ ಕತ್ತಿಯನ್ನು ಎತ್ತಿಕೊಂಡರು. ಅವರ ಬೆರಳು ತಾನಾಗಿಯೇ ಆ ತಗ್ಗಿನಲ್ಲಿ ಕೂತಿತು, ನಾನು ತೋರಿಸಬೇಕಾಗಲಿಲ್ಲ. ಅಲಗನ್ನು ಹೆಬ್ಬೆರಳಿನ ಉಗುರಿಗೆ ತಾಗಿಸಿ ನೋಡಿ, "ಅಲಗು ಕೂತಿಲ್ಲಲ್ರಿ" ಎಂದರು. ಗೋಡೆಗೆ ಹಾಕುವ ವಸ್ತುವೆಂದು ನಾನು ಹರಿತ ಮಾಡಿರಲಿಲ್ಲ, ಹಾಗೆಂದು ಹೇಳಿದೆ. "ಕಲ್ಲು ಐತೇನು?" ಎಂದು ಕೇಳಿದರು.

ನನ್ನ ಮಸೆಗಲ್ಲುಗಳನ್ನು ಅದೇ ಮೇಜಿನ ಮೇಲೆ ತಂದಿಟ್ಟೆ, ತಂಬಿಗೆಯಲ್ಲಿ ನೀರು ತಂದೆ. ಅವಕ್ಕೆ ಸಂಖ್ಯೆಗಳಿವೆ, ಸಂಖ್ಯೆ ಏರಿದಷ್ಟೂ ಕಲ್ಲು ನಯ. ಅವರು ಮಖಮಲ್ ಬಟ್ಟೆಯನ್ನು ಮಡಚಿ ಬದಿಗಿಟ್ಟು, ಒಂದು ಸಾವಿರ ಸಂಖ್ಯೆಯ ಕಲ್ಲಿನ ಮೇಲೆ ನೀರು ಚಿಮುಕಿಸಿ, ಕತ್ತಿಯ ಬೆನ್ನೂ ಅಲಗೂ ಒಟ್ಟಿಗೆ ಕಲ್ಲಿಗೆ ಅಂಟುವಂತೆ ಮಲಗಿಸಿದರು. ಬೆನ್ನಿನ ದಪ್ಪವೇ ಅಲಗಿನ ಕೋನವನ್ನು ಕಾಯುತ್ತದೆ ಎಂಬುದನ್ನು ನಾನು ಎಷ್ಟೋ ಓದಿ ತಿಳಿದಿದ್ದೆ. ಅವರು ಅದನ್ನು ಎಂಟನೆಯ ವಯಸ್ಸಿನಲ್ಲಿ ತಂದೆಯ ಪಕ್ಕ ಕೂತು ಕಲಿತಿದ್ದರು. ಅಲಗು ಮುಂದಾಗಿ ಎಳೆಯುವುದು, ತುದಿಯಲ್ಲಿ ಬೆನ್ನಿನ ಮೇಲೆ ಹೊರಳಿಸುವುದು, ತಿರುಗಿ ಬರುವುದು. ನಾಲ್ಕು ಸಾವಿರದ ಕಲ್ಲು, ಎಂಟು ಸಾವಿರದ ಕಲ್ಲು, ಆಮೇಲೆ ಚರ್ಮದ ಪಟ್ಟಿ. ಒಂದೂವರೆ ಗಂಟೆ ಯಾರೂ ಮಾತಾಡಲಿಲ್ಲ. ಮಗಳು ಮೊಬೈಲನ್ನು ಚೀಲದೊಳಗೆ ಇಟ್ಟು ನೆಲದ ಮೇಲೆ ಕೂತು ನೋಡುತ್ತಿದ್ದಳು, ಬಹುಶಃ ತಂದೆಯ ಕೈ ಹೀಗೆ ಆಡುವುದನ್ನು ಮೊದಲ ಸಲ.

ಮುಂಗೈಯ ಕೂದಲಿಗೆ ಅಲಗು ತಾಗಿಸಿದಾಗ ಅದು ಸದ್ದಿಲ್ಲದೆ ಉದುರಿತು. ಕಾಕಾ ಕತ್ತಿಯನ್ನು ಒರೆಸಿ, ಎಣ್ಣೆ ಸವರಿ, ಮುಚ್ಚಿ ಮಗಳ ಕೈಗೆ ಕೊಟ್ಟರು.

"ಅಂಗಡ್ಯಾಗ ಇಡು. ಗಾಜಿನ ಪೆಟ್ಟಿಗಿ ಬ್ಯಾಡವ್ವಾ, ಮಳಿಗಾಲದಾಗ ವಾರಕ್ಕೊಮ್ಮೆ ಎಣ್ಣಿ ಹಚ್ಚಬೇಕು, ಕೈಗೆ ಸಿಗೂವಂಗ ಇರಲಿ."