ಹೆಸರು ಹಿಡಿದು ಕರೆದಾಗ

ಮಂಡ್ಯದಲ್ಲಿ ಶಾಲೆ ಶುರುವಾಗಿ ಇದು ಮೂರನೇ ವಾರ. ನನಗೆ ಮೂರು ಸೆಕ್ಷನ್, ಒಟ್ಟು 142 ಮಕ್ಕಳು. ಈ ಸಲ ಹಾಜರಿ ಪುಸ್ತಕ ನೋಡ್ಕೊಂಡು ಹೆಸರು ಕೂಗೋದನ್ನ ಬಿಟ್ಟಿದ್ದೀನಿ. ಮೊದಲು ಮುಖ ನೋಡಿ ನೆನಪಿಸಿಕೊಳ್ತೀನಿ, ಆಮೇಲಷ್ಟೇ ಪುಸ್ತಕ. ಹತ್ತು ಸಲ ಓದಿದರೂ ನಿಲ್ಲದ ಹೆಸರು ಹೀಗೆ ತಡಕಾಡಿ ಹುಡುಕಿದರೆ ನಿಲ್ಲುತ್ತೆ. ನೋಟ್‌ಬುಕ್ಕನ್ನೂ ಲೀಡರ್ ಕೈಲಿ ಹಂಚಿಸದೆ ನಾನೇ ಬೆಂಚಿನ ಹತ್ತಿರ ಹೋಗಿ ಕೊಡ್ತೀನಿ.

ಒಂದೇ ಹೆಸರಿನ ಹುಡುಗಿಯರು ಮೂವರಿದ್ದಾರೆ. ಇನಿಷಿಯಲ್ ನನ್ನ ತಲೆಯಲ್ಲಿ ಯಾವತ್ತೂ ಕೂರಲ್ಲ, ಊರು ಕೂರುತ್ತೆ. ಒಬ್ಬಳು ಕೆರಗೋಡಿನವಳು, ಒಬ್ಬಳು ಬಸರಾಳಿನವಳು, ಇನ್ನೊಬ್ಬಳು ಕೊತ್ತತ್ತಿಯವಳು. ಬಸ್ಸು ತಡವಾದ ದಿನ ಯಾರು ಬಂದಿಲ್ಲ ಅಂತ ಬೆಂಚು ನೋಡಿದರೇ ಗೊತ್ತಾಗುತ್ತೆ.

ಕಷ್ಟ ಇರೋದು ಮೌನವಾಗಿ ಕೂರೋ ಮಕ್ಕಳದ್ದು. ತುಂಟರ ಹೆಸರು ಮೊದಲ ದಿನವೇ ಬಾಯಿಗೆ ಬರುತ್ತೆ, ಇವರದ್ದು ಎಲ್ಲರಿಗಿಂತ ಕೊನೆಗೆ. ನಿನ್ನೆ ಅಂಥ ಒಬ್ಬನನ್ನ ಜಗುಲಿಯಲ್ಲಿ ಹೆಸರು ಹಿಡಿದು ಕರೆದೆ. ಗಕ್ಕನೆ ನಿಂತು, "ಮಿಸ್, ನನ್ ಹೆಸ್ರು ಗೊತ್ತಾ ನಿಮ್ಗೆ?" ಅಂದ. ಮುಖವೆಲ್ಲಾ ನಗು. ಇದಕ್ಕೆ ಮೂರು ವಾರ ಬೇಕಾಯ್ತಲ್ಲ ಅಂತ ಕರುಳು ಚುರುಕ್ ಅಂತು.

ಇನ್ನೂ 19 ಹೆಸರು ಬಾಕಿ. ಶನಿವಾರದೊಳಗೆ ಅವೂ ಬಾಯಿಗೆ ಬರಬೇಕು.